ಮಾಲ್‌ನಲ್ಲಿ ಎಷ್ಟು ಕಾರು ಹಿಡಿಸುತ್ತೆ ಅಂತ ಕೇಳ್ತೀವಿ, ಎಷ್ಟು ಬಸ್ ಬರುತ್ತೆ ಅಂತ ಯಾಕೆ ಕೇಳಲ್ಲ?

ಏಳು ತಿಂಗಳ ಅಂತರದಲ್ಲಿ ಬೆಂಗಳೂರಿನ ಎರಡು ಮಾಲ್‌ಗಳಿಗೆ ಬಾಗಿಲು ಮುಚ್ಚಿ ಅಂತ ಆದೇಶ ಬಂತು. ಮೊದಲನೆಯದು 2023ರ ಡಿಸೆಂಬರ್ ಕೊನೆಯಲ್ಲಿ. ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದಲ್ಲಿ ಆ ಅಕ್ಟೋಬರ್‌ನಲ್ಲಷ್ಟೇ ಶುರುವಾಗಿದ್ದ ಫೀನಿಕ್ಸ್ ಮಾಲ್ ಆಫ್ ಏಷ್ಯಾಕ್ಕೆ ಡಿಸೆಂಬರ್ 31ರಿಂದ ಜನವರಿ 15ರವರೆಗೆ ಸಾರ್ವಜನಿಕರು ಹೋಗಬಾರದು ಅಂತ ನಗರ ಪೊಲೀಸ್ ಆಯುಕ್ತರು ಸೆಕ್ಷನ್ 144ರ ಅಡಿ ಆದೇಶ ಹೊರಡಿಸಿದರು. ವಿಮಾನ ನಿಲ್ದಾಣದ ರಸ್ತೆ ಮಾಲ್‌ಗೆ ಬರುವ ವಾಹನಗಳಿಂದ ಕಟ್ಟಿಕೊಳ್ಳುತ್ತಿದೆ ಅನ್ನೋದು ಮುಖ್ಯ ಕಾರಣ. ಮಾಲ್‌ನವರು ಹೈಕೋರ್ಟ್ ಮೆಟ್ಟಿಲೇರಿದರು. ಎರಡನೆಯದು 2024ರ ಜುಲೈನಲ್ಲಿ. ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಗೇಟಲ್ಲೇ ತಡೆದರು. ವಿಷಯ ವಿಧಾನಸಭೆಗೆ ಹೋಯಿತು. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು.

ಒಂದು ಕಡೆ ತುಂಬಾ ಜನ ಬಂದರು ಅಂತ ಶಿಕ್ಷೆ, ಇನ್ನೊಂದು ಕಡೆ ಒಬ್ಬರನ್ನು ಒಳಗೆ ಬಿಡಲಿಲ್ಲ ಅಂತ ಶಿಕ್ಷೆ. ಎರಡನೆಯ ಘಟನೆ ನಮ್ಮನ್ನು ಸಿಟ್ಟಿಗೆಬ್ಬಿಸಿತು, ಏಳಿಸಬೇಕಾದದ್ದೇ. ಮೊದಲನೆಯದನ್ನು ಮಾತ್ರ 'ಟ್ರಾಫಿಕ್ ಸಮಸ್ಯೆ' ಅಂತ ಪಕ್ಕಕ್ಕಿಟ್ಟುಬಿಟ್ಟೆವು. ಇಷ್ಟು ದೊಡ್ಡ ಮಾಲ್ ಯಾರಿಗಾಗಿ, ಅವರು ಎಲ್ಲಿಂದ, ಯಾವುದರಲ್ಲಿ ಬರುತ್ತಾರೆ ಅನ್ನೋದು ಅದೇ ರಾಜಕೀಯದ ಇನ್ನೊಂದು ಮುಖ. ಆ ಪ್ರಶ್ನೆ ಕಟ್ಟಡದ ನಕ್ಷೆಗೆ ಸೀಲ್ ಬೀಳುವ ದಿನ ಕೇಳಬೇಕಾದದ್ದು. ನಮ್ಮಲ್ಲಿ ಅದನ್ನು ಕೇಳಿದ್ದು ಹೊಸ ವರ್ಷದ ಹಿಂದಿನ ದಿನ, ಗಲಭೆ ತಡೆಯೋಕೆ ಬಳಸುವ ಕಾನೂನು ಹಿಡಿದುಕೊಂಡು ಪೊಲೀಸರು.

ಗಾತ್ರ ಅಂದರೆ ದೂರ

ಅಂಗಡಿ ದೊಡ್ಡದಾದಷ್ಟೂ ಜನ ಹೆಚ್ಚು ದೂರದಿಂದ ಬರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಇದನ್ನು ಲೆಕ್ಕದ ರೂಪಕ್ಕೆ ತಂದವರಲ್ಲಿ ಮೊದಲಿಗ ಅಮೆರಿಕದ ವಿಲಿಯಂ ರೈಲಿ. 1931ರಲ್ಲಿ ಆತ ನ್ಯೂಟನ್ನನ ಗುರುತ್ವಾಕರ್ಷಣೆಯ ಸೂತ್ರವನ್ನೇ ವ್ಯಾಪಾರಕ್ಕೆ ತಂದು ಕೂರಿಸಿದ. ಎರಡು ಪಟ್ಟಣಗಳ ನಡುವಿನ ಊರಿನ ಜನ ಯಾವ ಕಡೆ ಸಂತೆಗೆ ಹೋಗುತ್ತಾರೆ ಅನ್ನೋದು ಪಟ್ಟಣದ ಗಾತ್ರಕ್ಕೆ ತಕ್ಕಂತೆ ಏರುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಅಂದ. 1960ರ ದಶಕದಲ್ಲಿ ಡೇವಿಡ್ ಹಫ್ ಇದನ್ನು ಶಾಪಿಂಗ್ ಸೆಂಟರ್‌ಗಳಿಗೆ ಹೊಂದಿಸಿದ, ಜೊತೆಗೆ ಒಂದು ಮುಖ್ಯ ಬದಲಾವಣೆ ಮಾಡಿದ. ಕಿಲೋಮೀಟರ್ ಬಿಡಿ, ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡಿ ಅಂದ. ಸಿಲ್ಕ್ ಬೋರ್ಡ್ ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ, ಅಂಕಿಗಳು ಲೆಕ್ಕದ ಅನುಕೂಲಕ್ಕೆ ಮಾತ್ರ. ನಿಮ್ಮ ಮನೆಯಿಂದ 10 ನಿಮಿಷದ ದೂರದಲ್ಲಿ 2 ಲಕ್ಷ ಚದರ ಅಡಿಯ ಚಿಕ್ಕ ಮಾಲ್ ಇದೆ. 30 ನಿಮಿಷದ ದೂರದಲ್ಲಿ 12 ಲಕ್ಷ ಚದರ ಅಡಿಯ ದೊಡ್ಡ ಮಾಲ್ ಇದೆ. ಗಾತ್ರವನ್ನು ಸಮಯದ ವರ್ಗದಿಂದ ಭಾಗಿಸಿದರೆ ಚಿಕ್ಕದರ ಸೆಳೆತ 2ನ್ನು 100ರಿಂದ ಭಾಗಿಸಿದಷ್ಟು, ದೊಡ್ಡದರದ್ದು 12ನ್ನು 900ರಿಂದ ಭಾಗಿಸಿದಷ್ಟು. ಅಂದರೆ ನಿಮ್ಮಂಥ ನೂರು ಜನರಲ್ಲಿ 60 ಮಂದಿ ಪಕ್ಕದ ಮಾಲ್‌ಗೆ ಹೋಗುತ್ತಾರೆ, 40 ಮಂದಿ ಅರ್ಧ ಗಂಟೆ ಪ್ರಯಾಣ ಮಾಡಿ ದೊಡ್ಡದಕ್ಕೆ ಹೋಗುತ್ತಾರೆ. ಮೂರು ಪಟ್ಟು ಹೊತ್ತು ಹಿಡಿದರೂ ಹತ್ತರಲ್ಲಿ ನಾಲ್ವರನ್ನು ಎಳೆದುಕೊಳ್ಳುವ ಶಕ್ತಿ ಬರೀ ಗಾತ್ರದ್ದು. ಈಗ ಮಧ್ಯೆ ಒಂದು ಮೆಟ್ರೊ ಬಂತು, 30 ನಿಮಿಷ 20ಕ್ಕೆ ಇಳಿಯಿತು ಅಂದುಕೊಳ್ಳಿ. ಲೆಕ್ಕ ತಲೆಕೆಳಗಾಗುತ್ತದೆ. 60 ಮಂದಿ ದೊಡ್ಡದಕ್ಕೆ, 40 ಮಂದಿ ಚಿಕ್ಕದಕ್ಕೆ.

ಹಫ್ ಇನ್ನೊಂದು ವಿಷಯ ಗಮನಿಸಿದ್ದ. ಎಲ್ಲ ಖರೀದಿಗೂ ದೂರದ ನೋವು ಒಂದೇ ಅಲ್ಲ. ಹಾಲು, ಸೊಪ್ಪು, ಮಾತ್ರೆಗೆ ಯಾರೂ ಅರ್ಧ ಗಂಟೆ ಹೋಗಲ್ಲ. ಮದುವೆ ಸೀರೆಗೆ, ಸಿನಿಮಾಗೆ, ಭಾನುವಾರ ಮಕ್ಕಳನ್ನು ಆಟ ಆಡಿಸೋಕೆ ಹೋಗ್ತಾರೆ. ದೊಡ್ಡ ಮಾಲ್‌ಗಳು ಮಲ್ಟಿಪ್ಲೆಕ್ಸ್, ಫುಡ್ ಕೋರ್ಟ್, ಗೇಮಿಂಗ್ ಜೋನ್ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ದೂರವನ್ನು ಮರೆಸುವ ಸರಕು ಅದು.

ಇಲ್ಲಿಂದ ಮುಂದಿನ ಹೆಜ್ಜೆ ಹೆಚ್ಚು ಮುಖ್ಯ. ಒಂದು ಕಿಲೋಮೀಟರ್ ಒಳಗಿನವರು ನಡೆದು ಬರುತ್ತಾರೆ. ಎರಡು ಮೂರು ಕಿಲೋಮೀಟರ್ ಆದರೆ ಸ್ಕೂಟರ್ ಅಥವಾ ಆಟೊ. ಹತ್ತು ಕಿಲೋಮೀಟರ್ ಆದರೆ ಕಾರು, ಇಲ್ಲಾ ಬಸ್ಸು, ಮೆಟ್ರೊ. ಮಾಲ್‌ನ ಸೆಳೆತ 3 ಕಿಲೋಮೀಟರ್‌ನಿಂದ 9ಕ್ಕೆ ಹಿಗ್ಗಿದರೆ ಅದು ಆವರಿಸುವ ನೆಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಜನರೂ ಹೆಚ್ಚು, ಪ್ರತಿಯೊಬ್ಬರ ಪ್ರಯಾಣವೂ ಉದ್ದ, ನಡೆದು ಬರುವವರ ಪಾಲೂ ಕಡಿಮೆ. ಹೀಗೆ ಮೂರು ಕಡೆಯಿಂದ ಹೊರೆ ಏರುತ್ತದೆ. ಹಾಗಾಗಿ ಎರಡು ಪಟ್ಟು ದೊಡ್ಡ ಮಾಲ್ ರಸ್ತೆಯ ಮೇಲೆ ಹಾಕುವ ಭಾರ ಎರಡು ಪಟ್ಟಿಗೇ ನಿಲ್ಲಬೇಕು ಅಂತೇನಿಲ್ಲ.

ಬೇಸ್‌ಮೆಂಟ್‌ನ ಲೆಕ್ಕ

ಇಂಥ ಕಟ್ಟಡ ಬಂದಾಗ ನಮ್ಮ ನಗರಗಳು ಸಾರಿಗೆಯ ಬಗ್ಗೆ ಮೊದಲು ಕೇಳುವ ಪ್ರಶ್ನೆ ಒಂದೇ: ಪಾರ್ಕಿಂಗ್ ಎಷ್ಟು? ಅಂಗಡಿ ಜಾಗದ ಇಷ್ಟಿಷ್ಟು ಚದರ ಮೀಟರ್‌ಗೆ ಒಂದು ಕಾರಿನ ಜಾಗ ಕೊಡಬೇಕು ಅನ್ನುವ ಕೋಷ್ಟಕ ಇರುತ್ತದೆ, ಅದನ್ನು ತುಂಬಿಸಿದರೆ ಸಾರಿಗೆಯ ಅಧ್ಯಾಯ ಹೆಚ್ಚುಕಡಿಮೆ ಮುಗಿದಂತೆ.

50 ಚದರ ಮೀಟರ್‌ಗೆ ಒಂದು ಕಾರು ಅನ್ನುವ ಲೆಕ್ಕ ಹಿಡಿಯೋಣ. 12 ಲಕ್ಷ ಚದರ ಅಡಿ ಅಂದರೆ ಸುಮಾರು 1.11 ಲಕ್ಷ ಚದರ ಮೀಟರ್. 2,230 ಕಾರುಗಳ ಜಾಗ ಬೇಕು. ಬೇಸ್‌ಮೆಂಟ್‌ನಲ್ಲಿ ಒಂದು ಕಾರಿಗೆ, ತಿರುಗುವ ದಾರಿ, ಇಳಿಜಾರು ಎಲ್ಲ ಸೇರಿ, 32 ಚದರ ಮೀಟರ್ ಬೇಕು. ಒಟ್ಟು 71 ಸಾವಿರ ಚದರ ಮೀಟರ್. ಹದಿನೇಳೂವರೆ ಎಕರೆ. ಪ್ರತಿ 100 ಚದರ ಅಡಿ ಅಂಗಡಿಗೆ 64 ಚದರ ಅಡಿ ಕಾರಿಗೆ. ಅದನ್ನು ತೋಡುವ ಖರ್ಚು ಅಂಗಡಿಯ ಬಾಡಿಗೆಯಲ್ಲಿ ಕೂರುತ್ತದೆ, ಬಾಡಿಗೆ ನೀವು ಕೊಳ್ಳುವ ಅಂಗಿಯ ಬೆಲೆಯಲ್ಲಿ ಕೂರುತ್ತದೆ. ಬಸ್ಸಲ್ಲಿ ಬಂದವರೂ ಕಾರಿನ ನೆಲಮಾಳಿಗೆಗೆ ದುಡ್ಡು ಕಟ್ಟುತ್ತಾರೆ. ಪಾರ್ಕಿಂಗ್ ಅರ್ಥಶಾಸ್ತ್ರದ ಬಗ್ಗೆ 2005ರಲ್ಲಿ ದಪ್ಪದೊಂದು ಪುಸ್ತಕ ಬರೆದ ಡೊನಾಲ್ಡ್ ಶೂಪ್ ಜೀವನವಿಡೀ ಹೇಳಿದ್ದು ಇದನ್ನೇ. ಕಾನೂನು ಕಡ್ಡಾಯ ಮಾಡಿದ ಪಾರ್ಕಿಂಗ್ ಬಿಟ್ಟಿಯಲ್ಲ, ಅದರ ಬಿಲ್ಲು ಕಾರಿಲ್ಲದವರ ಹೆಸರಿಗೂ ಹೋಗುತ್ತದೆ.

ಈಗ ಆ 2,230 ಜಾಗಗಳು ಶನಿವಾರ ಸಂಜೆ ಪೂರ್ತಿ ತುಂಬಿವೆ ಅಂದುಕೊಳ್ಳಿ. ಬಂದವರು ಸರಾಸರಿ ಎರಡೂವರೆ ಗಂಟೆ ಇರುತ್ತಾರೆ. ಅಂದರೆ ಗಂಟೆಗೆ ಸುಮಾರು 900 ಕಾರು ಹೊರಗೆ ಹೋಗುತ್ತವೆ, 900 ಒಳಗೆ ಬರುತ್ತವೆ. ಎರಡು ಸೆಕೆಂಡಿಗೊಂದು ಕಾರು ಮಾಲ್‌ನ ಗೇಟಿಗೂ ರಸ್ತೆಗೂ ನಡುವೆ ಓಡಾಡುತ್ತಿರುತ್ತದೆ, ಸಂಜೆಯಿಡೀ. ಟಿಕೆಟ್ ಕೊಟ್ಟು, ಡಿಕ್ಕಿ ತೆಗೆಸಿ ನೋಡಿ ಬಿಡೋಕೆ ಒಂದು ಕಾರಿಗೆ ಹತ್ತು ಸೆಕೆಂಡು ಹಿಡಿದರೂ ಒಂದು ಗೇಟಿನಿಂದ ಗಂಟೆಗೆ 360 ಕಾರು ಮಾತ್ರ ಒಳಗೆ ಹೋಗಬಲ್ಲವು. ಉಳಿದವು ಸರ್ವಿಸ್ ರಸ್ತೆಯಲ್ಲಿ, ಆಮೇಲೆ ಮುಖ್ಯ ರಸ್ತೆಯಲ್ಲಿ ಸಾಲು ನಿಲ್ಲುತ್ತವೆ. ಗಮನಿಸಿ, ಪಾರ್ಕಿಂಗ್ ಜಾಗ ಕಡಿಮೆಯಾಗಿ ಇಲ್ಲಿ ಜಾಮ್ ಆಗಿಲ್ಲ. ನಿಯಮ ಕೇಳಿದಷ್ಟು ಪಾರ್ಕಿಂಗ್ ಕೊಟ್ಟದ್ದರಿಂದಲೇ ಆಗಿದೆ. ಇನ್ನೂ ಸಾವಿರ ಜಾಗ ತೋಡಿದರೆ ಇನ್ನೂ 400 ಕಾರು ಅದೇ ರಸ್ತೆಗೆ ಬರುತ್ತವೆ. ಪಾರ್ಕಿಂಗ್ ಸಿಗುತ್ತೆ ಅನ್ನೋ ಭರವಸೆಯೇ ಕಾರು ತೆಗೆಯೋಕೆ ಕಾರಣ ಆಗುತ್ತದಲ್ಲ.

ಅದೇ 900 ಕಾರುಗಳಲ್ಲಿ ತಲಾ ಎರಡೂವರೆ ಜನ ಅಂದರೆ 2,250 ಮಂದಿ. ನಿಂತವರೂ ಸೇರಿ 60 ಜನ ಹಿಡಿಯುವ ಬಸ್ಸಾದರೆ 38 ಸಾಕು. ಆರು ಬೋಗಿಯ ಮೆಟ್ರೊ ಒಂದರಲ್ಲಿ ಸಾವಿರದೈನೂರು ಜನ ಹಿಡಿಸುತ್ತಾರೆ, ಎರಡು ರೈಲು ಬಂದರೆ ಇನ್ನೂ ಜಾಗ ಮಿಕ್ಕುತ್ತದೆ. ಆದರೆ ನಕ್ಷೆ ಮಂಜೂರಾತಿಯ ಕೋಷ್ಟಕದಲ್ಲಿ ಬಸ್ಸಿಗೊಂದು ಕಾಲಂ ಇಲ್ಲ.

ಮಾಲ್ ಅನ್ನೋ ಕಲ್ಪನೆಯೇ ಕಾರಿನ ಜೊತೆ ಹುಟ್ಟಿದ್ದು ಅನ್ನುವುದು ನಿಜ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ 1956ರಲ್ಲಿ ಮಿನೆಸೋಟ ರಾಜ್ಯದ ಇಡೈನಾದಲ್ಲಿ ಕಟ್ಟಿದ ಸೌತ್‌ಡೇಲ್ ಸೆಂಟರ್ ಎಲ್ಲ ಹವಾನಿಯಂತ್ರಿತ ಮಾಲ್‌ಗಳ ಅಜ್ಜ. ಉಪನಗರಕ್ಕೊಂದು ಊರಿನ ಚೌಕ ಕೊಡಬೇಕು ಅನ್ನೋದು ಆತನ ಕನಸು. ಸುತ್ತ ಬೆಳೆದದ್ದು ಪಾರ್ಕಿಂಗ್ ಬಯಲು. ಕೊನೆಗಾಲದಲ್ಲಿ ಆತ ಈ ಸಂತಾನವನ್ನು ತನ್ನದಲ್ಲ ಅಂತ ತಳ್ಳಿಹಾಕಿದ. ಅಮೆರಿಕದಲ್ಲಿ ಆ ಬಯಲಿಗಾದರೂ ಜಾಗ ಇತ್ತು. ನಾವು ಅದೇ ಮಾದರಿಯನ್ನು ತಂದು ಹಳ್ಳಿಯ ಗಾಡಿದಾರಿ ಅಗಲಿಸಿ ಮಾಡಿದ ರಸ್ತೆಯ ಪಕ್ಕ ಇಟ್ಟೆವು.

ಮೊದಲು ಮಾಲ್, ಆಮೇಲೆ ರೈಲು

ಬೆಂಗಳೂರಿನಲ್ಲಿ ಈ ಕ್ರಮ ಎಷ್ಟು ಉಲ್ಟಾ ಅನ್ನೋದಕ್ಕೆ ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಕೋರಮಂಗಲದ ಫೋರಂ ಮಾಲ್ ಶುರುವಾಗಿದ್ದು 2004ರಲ್ಲಿ, ನಗರದಲ್ಲಿ ಮೆಟ್ರೊ ಕೆಲಸವೇ ಶುರುವಾಗದ ಕಾಲ. ಮಹದೇವಪುರದ ಫೀನಿಕ್ಸ್ ಮಾರ್ಕೆಟ್‌ಸಿಟಿ 2011ರಲ್ಲಿ ತೆರೆಯಿತು. ಅದರ ಹತ್ತಿರದ ಸಿಂಗಯ್ಯನಪಾಳ್ಯ ಮೆಟ್ರೊ ನಿಲ್ದಾಣಕ್ಕೆ ಮೊದಲ ರೈಲು ಬಂದದ್ದು 2023ರ ಮಾರ್ಚ್‌ನಲ್ಲಿ. ಆ ರೈಲೂ ಆಗ ಕೆ.ಆರ್. ಪುರದವರೆಗೆ ಮಾತ್ರ, ಮೆಜೆಸ್ಟಿಕ್‌ಗೆ ಕೊಂಡಿ ಸೇರಿದ್ದು ಅಕ್ಟೋಬರ್‌ನಲ್ಲಿ. ಹನ್ನೆರಡು ವರ್ಷ ಆ ಭಾಗದ ವೈಟ್‌ಫೀಲ್ಡ್ ರಸ್ತೆ ಐಟಿ ಕಂಪನಿಗಳ ಜೊತೆಗೆ ಮಾಲ್‌ನ ಹೊರೆಯನ್ನೂ ಹೊತ್ತಿತು. ಹನ್ನೆರಡು ವರ್ಷದಲ್ಲಿ ಒಂದು ತಲೆಮಾರಿಗೆ ಕಾರು ಇಲ್ಲದೆ ಆಗಲ್ಲ ಅನ್ನೋ ಅಭ್ಯಾಸ ಕೂತುಬಿಟ್ಟಿರುತ್ತದೆ. ರೈಲು ಬಂದ ಮಾರನೇ ದಿನ ಅದು ಬಿಟ್ಟುಹೋಗಲ್ಲ.

ಮಲ್ಲೇಶ್ವರದ ಮಂತ್ರಿ ಸ್ಕ್ವೇರ್‌ ಕಥೆ ಸ್ವಲ್ಪ ಬೇರೆ. 2010ರಲ್ಲಿ ಮಾಲ್, 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆ ನಿಲ್ದಾಣ, ನಿಲ್ದಾಣದಿಂದ ಮಾಲ್‌ಗೆ ನೇರ ದಾರಿ. ಮಳೆಯಲ್ಲಿ ನೆನೆಯದೆ, ರಸ್ತೆ ದಾಟದೆ ರೈಲಿಳಿದು ಅಂಗಡಿಗೆ ಹೋಗಬಹುದು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ದಾಟಿ ದಕ್ಷಿಣಕ್ಕೆ ಹೋದ ಮೇಲೆ ಜಯನಗರ, ಬನಶಂಕರಿಯವರಿಗೂ ಅದು ಒಂದೇ ಟಿಕೆಟ್ಟಿನ ದೂರ ಆಯಿತು. ಕಾಲೇಜು ಹುಡುಗ ಹುಡುಗಿಯರು ಗುಂಪುಗುಂಪಾಗಿ ಬರೋಕೆ ಕಾರು ಇರುವ ಸ್ನೇಹಿತ ಬೇಕಾಗಲಿಲ್ಲ. ಹಾಗಂತ ಮೆಟ್ರೊ ಬಂದ ಕೂಡಲೇ ಮಾಲ್ ಉದ್ಧಾರ ಆಗುತ್ತೆ ಅಂತಲ್ಲ, ಆಸ್ತಿ ತೆರಿಗೆ ಬಾಕಿಗಾಗಿ ಪಾಲಿಕೆ ಇದೇ ಮಾಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಬೀಗ ಹಾಕಿದೆ.

ನಿಲ್ದಾಣ ಹತ್ತಿರ ಇದೆ ಅನ್ನೋದಕ್ಕೂ ತಲುಪಬಹುದು ಅನ್ನೋದಕ್ಕೂ ವ್ಯತ್ಯಾಸ ಇದೆ. ನಕ್ಷೆಯ ಮೇಲೆ 500 ಮೀಟರ್ ಇರುವುದು ನೆಲದ ಮೇಲೆ ಒಡೆದ ಫುಟ್‌ಪಾತ್, ಮಧ್ಯದಲ್ಲೊಂದು ಟ್ರಾನ್ಸ್‌ಫಾರ್ಮರ್, ಸಿಗ್ನಲ್ ಇಲ್ಲದ ಕ್ರಾಸಿಂಗ್ ಆಗಿರಬಹುದು. ಗಾಲಿಕುರ್ಚಿಯಲ್ಲಿರುವವರಿಗೆ, ಮಗು ಎತ್ತಿಕೊಂಡವರಿಗೆ ಆ 500 ಮೀಟರ್ ಐದು ಕಿಲೋಮೀಟರ್. ದುಡ್ಡಿನ ದೂರ ಬೇರೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ಟಿಕೆಟ್ 60 ರೂಪಾಯಿಂದ 90ಕ್ಕೆ ಹೋಯಿತು. ನಾಲ್ಕು ಜನರ ಮನೆಯವರು ದೂರದಿಂದ ಹೋಗಿ ಬರೋಕೆ ಏಳುನೂರರ ಹತ್ತಿರ. ಅದೇ ನಾಲ್ವರು ಒಂದು ಕಾರಲ್ಲಿ, ಇಲ್ಲಾ ಎದೆಗವಚಿಕೊಂಡು ಒಂದೇ ಸ್ಕೂಟರಲ್ಲಿ ಹೋದರೆ ಪೆಟ್ರೋಲ್ ಖರ್ಚು ಅದಕ್ಕಿಂತ ಕಡಿಮೆ ಬೀಳುತ್ತದೆ. ಹಫ್‌ನ ಸಮೀಕರಣದಲ್ಲಿ ಸಮಯದ ಪಕ್ಕ ಈ ದರವನ್ನೂ ಕೂಡಿಸಬೇಕು.

ತದ್ವಿರುದ್ಧ ಉದಾಹರಣೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದರ ಸೊನ್ನೆ. ದೇವಸ್ಥಾನಗಳಿಗೆ ಹೆಂಗಸರು ಹೆಚ್ಚಾಗಿ ಹೋಗ್ತಾರೆ ಅಂತ ಕೆಲವರು ವ್ಯಂಗ್ಯ ಆಡಿದರು. ನಗರವನ್ನು ತಲುಪುವ ಖರ್ಚು ಇಳಿದರೆ ಜನ ನಗರವನ್ನು ಬಳಸ್ತಾರೆ ಅನ್ನೋದು ವ್ಯಂಗ್ಯದ ವಿಷಯವೇ ಅಲ್ಲ, ಸಾರಿಗೆಯ ಮೂಲಪಾಠ. ಆ ಬಸ್ಸು ಮಾಲ್‌ನ ಬಾಗಿಲ ಹತ್ತಿರ ನಿಲ್ಲುತ್ತದೋ, ಫ್ಲೈಓವರ್ ಮೇಲೆ ಹಾರಿಕೊಂಡು ಹೋಗುತ್ತದೋ ಅನ್ನೋದು ಮಾತ್ರ ಯಾರ ಕಡತದಲ್ಲೂ ಇಲ್ಲ.

ಪೇಟೆ ಯಾಕೆ ಕೆಲಸ ಮಾಡುತ್ತೆ

ಮಾಲ್‌ಗಳ ಬಗ್ಗೆ ಮಾತಾಡುವಾಗ ನಾವು ಮರೆಯುವ ಒಂದು ದೈತ್ಯ ಶಾಪಿಂಗ್ ಸೆಂಟರ್ ಬೆಂಗಳೂರಿನಲ್ಲಿದೆ. ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ, ಕೆ.ಆರ್. ಮಾರ್ಕೆಟ್ ಸೇರಿಸಿ ನೋಡಿ. ಅಷ್ಟು ತರದ ಅಂಗಡಿ ಯಾವ ಮಾಲ್‌ನಲ್ಲೂ ಇಲ್ಲ. ತುಮಕೂರು, ಕೋಲಾರದಿಂದಲೂ ಮದುವೆ ಜವಳಿಗೆ ಜನ ಬರುತ್ತಾರೆ. ಅಲ್ಲಿ ಕಾರು ನಿಲ್ಲಿಸೋಕೆ ಹೋದವರ ಪಾಡು ದೇವರೇ ಬಲ್ಲ. ಆದರೂ ಪೇಟೆ ತುಂಬಿರುತ್ತದೆ, ಯಾಕೆಂದರೆ ಒಂದು ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣ, ಇನ್ನೊಂದು ಕಡೆ ಮಾರ್ಕೆಟ್ ಬಸ್ ನಿಲ್ದಾಣ, 2017ರಿಂದ ನೆಲದಡಿ ಚಿಕ್ಕಪೇಟೆ ಮತ್ತು ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣಗಳು. ಗಾತ್ರಕ್ಕೆ ತಕ್ಕ ಸಾರ್ವಜನಿಕ ಸಾರಿಗೆ ಸಿಕ್ಕರೆ ಪಾರ್ಕಿಂಗ್ ಇಲ್ಲದೆಯೂ ದೊಡ್ಡ ಮಾರುಕಟ್ಟೆ ಬದುಕುತ್ತದೆ ಅನ್ನೋದಕ್ಕೆ ಬೇರೆ ದೇಶದ ಸಾಕ್ಷಿ ಬೇಕಿಲ್ಲ. ಪೇಟೆಯನ್ನು ಸ್ವರ್ಗ ಅಂತ ಹೇಳ್ತಿಲ್ಲ. ಅಲ್ಲಿ ನಡೆಯೋದೂ ಕಷ್ಟ, ಶೌಚಾಲಯ ಹುಡುಕೋದು ಇನ್ನೂ ಕಷ್ಟ. ಆದರೆ ಗೇಟಲ್ಲಿ ನಿಂತು ಪಂಚೆ ನೋಡುವವರು ಯಾರೂ ಇಲ್ಲ, ಗೇಟೇ ಇಲ್ಲ.

ಜಯನಗರ ನಾಲ್ಕನೇ ಬ್ಲಾಕ್ ಇನ್ನೊಂದು ಅಳತೆಯ ಪಾಠ. ಸಾರ್ವಜನಿಕ ಒಡೆತನದ ಶಾಪಿಂಗ್ ಕಾಂಪ್ಲೆಕ್ಸ್, ಪಕ್ಕದಲ್ಲೇ ಬಸ್ ನಿಲ್ದಾಣ, ಸುತ್ತ ನಡೆದು ಬರುವಷ್ಟು ದೂರದಲ್ಲಿ ಮನೆಗಳು. ಬಡಾವಣೆ ಹಾಕಿದವರ ತಲೆಯಲ್ಲಿ ಅಂಗಡಿ, ಬಸ್ಸು, ಮನೆ ಮೂರೂ ಒಟ್ಟಿಗೆ ಇದ್ದವು. ಆ ಮೂರನ್ನು ಬೇರೆ ಬೇರೆ ಇಲಾಖೆಗೆ ಹಂಚಿದ್ದು ಆಮೇಲಿನ ಬುದ್ಧಿವಂತಿಕೆ.

ಬ್ರಿಟನ್‌ನಲ್ಲಿ ಇದೇ ಜಗಳ 1990ರ ದಶಕದಲ್ಲಿ ನಡೆಯಿತು. ಊರಾಚೆ ಹೆದ್ದಾರಿ ಪಕ್ಕ ದೈತ್ಯ ಮಾಲ್‌ಗಳು ಏಳುತ್ತಿದ್ದವು. ಕೆಂಟ್‌ನ ಹಳೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ 1999ರಲ್ಲಿ ತೆರೆದ ಬ್ಲೂವಾಟರ್‌ಗೆ 13 ಸಾವಿರ ಕಾರಿನ ಪಾರ್ಕಿಂಗ್. ಊರೊಳಗಿನ ಅಂಗಡಿ ಬೀದಿಗಳು ಖಾಲಿಯಾಗುತ್ತಿವೆ ಅಂತ ಗಾಬರಿಯಾದ ಸರ್ಕಾರ, ಅದೂ ಮಾರುಕಟ್ಟೆಯ ಪರ ಇದ್ದ ಕನ್ಸರ್ವೇಟಿವ್ ಸರ್ಕಾರ, 1994 ಮತ್ತು 1996ರ ಯೋಜನಾ ಮಾರ್ಗಸೂಚಿಗಳಲ್ಲಿ ನಿಯಮ ತಿರುಗಿಸಿತು. ದೊಡ್ಡ ಅಂಗಡಿ ಕಟ್ಟುವವರು ಮೊದಲು ಊರ ನಡುವೆ ಜಾಗ ಹುಡುಕಬೇಕು, ಇಲ್ಲ ಅಂದರೆ ಊರಂಚು, ಅದೂ ಇಲ್ಲ ಅಂದರೆ ಮಾತ್ರ ಹೊರಗೆ. ಕಾರಿಲ್ಲದವರು ಬರಬಹುದಾ ಅನ್ನೋದಕ್ಕೆ ಉತ್ತರ ಇರಬೇಕು. ಲಂಡನ್‌ನ ಪಶ್ಚಿಮದಲ್ಲಿ 2008ರಲ್ಲಿ ಬಂದ ವೆಸ್ಟ್‌ಫೀಲ್ಡ್ ಮಾಲ್ ಜೊತೆಗೇ ವುಡ್ ಲೇನ್ ಅನ್ನೋ ಹೊಸ ನಿಲ್ದಾಣವೂ ಬಸ್ ನಿಲ್ದಾಣವೂ ತೆರೆದವು. 2011ರ ಸ್ಟ್ರಾಟ್‌ಫರ್ಡ್ ಮಾಲ್ ದೊಡ್ಡ ರೈಲು ಜಂಕ್ಷನ್‌ನ ಪಕ್ಕ ಕೂತಿತು. ಅಲ್ಲೂ ಬಾಡಿಗೆ ಏರಿ ಹಳೆಯ ನಿವಾಸಿಗಳು ಜಾಗ ಬಿಟ್ಟ ಕಥೆ ಇದೆ, ಸಾರಿಗೆ ಸರಿಯಾದರೆ ಎಲ್ಲ ಸರಿ ಅಂತಲ್ಲ. ಆದರೆ ಮಾಲ್‌ನ ಕಡತ ಮತ್ತು ರೈಲಿನ ಕಡತ ಒಂದೇ ಮೇಜಿನ ಮೇಲೆ ಇದ್ದವು.

ರಾತ್ರಿ ಹತ್ತೂವರೆಗೆ ಯಾರು ಮನೆಗೆ ಹೋಗಬೇಕು

'ಮಾಲ್‌ಗೆ ಬರುವವರು' ಅಂದರೆ ನಮ್ಮ ಕಣ್ಣಿಗೆ ಬೀಳುವುದು ಕೊಳ್ಳುವವರು. ಪ್ರತಿದಿನ ತಪ್ಪದೆ ಬರುವವರು ಬೇರೆ: ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ಹೌಸ್‌ಕೀಪಿಂಗ್‌ನವರು, ಫುಡ್ ಕೋರ್ಟ್‌ನ ಅಡುಗೆಯವರು, ಸೆಕ್ಯುರಿಟಿಯವರು, ಪ್ರೊಜೆಕ್ಷನ್ ರೂಮಿನವರು. ದೊಡ್ಡ ಮಾಲ್ ಅಂದರೆ ಇವರೂ ಸಾವಿರಗಟ್ಟಲೆ. ಮಾಲ್‌ನ ಹತ್ತಿರ ಬಾಡಿಗೆ ಮನೆ ಮಾಡೋಕೆ ಇವರ ಸಂಬಳ ಸಾಲಲ್ಲ, ಮಾಲ್ ಬಂದ ಮೇಲಂತೂ ಇನ್ನೂ ಸಾಲಲ್ಲ. ಅಂಗಡಿ ಹತ್ತಕ್ಕೆ ಮುಚ್ಚಿ, ಲೆಕ್ಕ ಒಪ್ಪಿಸಿ, ಬ್ಯಾಗ್ ತಪಾಸಣೆ ಮುಗಿಸಿ ಹೊರಬರುವಾಗ ಹತ್ತೂವರೆ. ಆ ಹೊತ್ತಿಗೆ ಬಸ್ಸುಗಳು ವಿರಳ, ಹತ್ತಿದರೂ ಮುಂದಿನ ಬಸ್ಸು ಸಿಗುವ ಖಾತ್ರಿ ಇಲ್ಲ. ಕೊನೆಯ ಮೆಟ್ರೊ ತಪ್ಪಿದರೆ ಆಟೊ, ಒಂದು ದಿನದ ಸಂಬಳದಲ್ಲಿ ಅದಕ್ಕೇ ದೊಡ್ಡ ತುಂಡು.

ಪಾರ್ಕಿಂಗ್ ಕೋಷ್ಟಕದಲ್ಲಿ ಇವರು ಇಲ್ಲ, ಯಾಕೆಂದರೆ ಇವರಿಗೆ ಕಾರಿಲ್ಲ. ವಾಹನ ದಟ್ಟಣೆಯ ಅಧ್ಯಯನ ಮಾಡಿದರೂ ಅದು ಎಣಿಸುವುದು ವಾಹನಗಳನ್ನು. ಬಸ್ಸಿಗಾಗಿ ಮುಕ್ಕಾಲು ಗಂಟೆ ನಿಂತ ಹೆಣ್ಣುಮಗಳಿಂದ ರಸ್ತೆ ಜಾಮ್ ಆಗಲ್ಲ, ಹಾಗಾಗಿ ಆಕೆ ಸಮಸ್ಯೆಯೇ ಅಲ್ಲ. ದಟ್ಟಣೆಯನ್ನು ಅಳೆಯುವ ನಗರ ತಲುಪುವಿಕೆಯನ್ನು ಅಳೆಯದೆ ಹೋದರೆ ಆಗುವುದು ಇದೇ. ಕಾರಿನವನ ಹತ್ತು ನಿಮಿಷ ವಿಳಂಬಕ್ಕೆ ಸೆಕ್ಷನ್ 144, ಬಸ್ಸಿನವಳ ಮುಕ್ಕಾಲು ಗಂಟೆಗೆ ಒಂದು ಸುತ್ತೋಲೆಯೂ ಇಲ್ಲ.

ಮಂಜೂರಾತಿಯ ಮೇಜು

ಹಾಗಾದರೆ ಬದಲಾಗಬೇಕಾದದ್ದು ಎಲ್ಲಿ? ಗಾತ್ರಕ್ಕೂ ಸಾರಿಗೆಗೂ ಇರುವ ನಂಟನ್ನು ಕಾರಿನ ಜಾಗದ ಬದಲು ಜನರ ಎಣಿಕೆಯಲ್ಲಿ ಹೇಳಬೇಕು. ಗಂಟೆಗೆ ಎಷ್ಟು ಜನರನ್ನು ಈ ಜಾಗಕ್ಕೆ ಬಸ್ಸು, ರೈಲು, ಫುಟ್‌ಪಾತ್ ತಂದು ವಾಪಸ್ ಕಳಿಸಬಲ್ಲವು, ಅಷ್ಟಕ್ಕೆ ತಕ್ಕ ಅಂಗಡಿ ಜಾಗ. ರೈಲು ಐದು ವರ್ಷ ಬಿಟ್ಟು ಬರುತ್ತೆ ಅನ್ನೋದಾದರೆ ಮಾಲ್‌ನ ಎರಡನೇ ಹಂತವೂ ಐದು ವರ್ಷ ಬಿಟ್ಟು ಬರಲಿ. ನಿಲ್ದಾಣದ ಪಕ್ಕ ಹೆಚ್ಚು ಕಟ್ಟೋಕೆ ಬಿಡುವಾಗ ಪಾರ್ಕಿಂಗ್‌ಗೆ ಕನಿಷ್ಠ ಮಿತಿಯ ಬದಲು ಗರಿಷ್ಠ ಮಿತಿ ಹಾಕಬೇಕು, ಇಲ್ಲದಿದ್ದರೆ ಮೆಟ್ರೊ ಬಾಗಿಲಲ್ಲೇ ಎರಡು ಸಾವಿರ ಕಾರಿನ ಗುಹೆ ಕೊರೆದಂತೆ.

ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ನಗರದ ಸಾರಿಗೆಯನ್ನೆಲ್ಲ ಒಂದೇ ಕಡೆ ಕೂತು ನೋಡಲಿ ಅಂತ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲೇ ಆಗಿದೆ. ನಿಲ್ದಾಣಗಳ ಸುತ್ತ ನಗರ ಬೆಳೆಸುವ ನೀತಿಯೂ ಕಾಗದದಲ್ಲಿದೆ. ಇಲ್ಲದಿರುವುದು ಮಾಸ್ಟರ್ ಪ್ಲಾನ್. 2007ರಲ್ಲಿ ಬಂದ, 2015ಕ್ಕೆ ಅಂತ ಬರೆದ ಯೋಜನೆಯ ಮೇಲೇ ನಗರ ನಡೆಯುತ್ತಿದೆ, 2031ರ ಕರಡನ್ನು ಸರ್ಕಾರ ಕೈಬಿಟ್ಟಿತು. ಹತ್ತು ವರ್ಷ ಹಳೆಯದಾದ ಗುರಿಯ ನಕ್ಷೆ ಹಿಡಿದು ಹೊಸ ಮಾಲ್‌ಗೆ ಅನುಮತಿ ಕೊಡುವಾಗ ಅಧಿಕಾರಿಯ ಕೈಯಲ್ಲಿ ಉಳಿಯುವುದು ಪಾರ್ಕಿಂಗ್ ಕೋಷ್ಟಕ ಮಾತ್ರ.

ಸಣ್ಣ ಅಂಗಡಿಗಳ ಪ್ರಶ್ನೆಯನ್ನೂ ಇಲ್ಲಿ ಮುಚ್ಚಿಡಬಾರದು. ಮೇಲಿನ ಲೆಕ್ಕದಲ್ಲಿ ಮೆಟ್ರೊ ಬಂದ ಕೂಡಲೇ ಪಕ್ಕದ ಚಿಕ್ಕ ಮಾಲ್‌ನ ಪಾಲು 60ರಿಂದ 40ಕ್ಕೆ ಬಿತ್ತು. ಮಾಲ್‌ನ ಜಾಗದಲ್ಲಿ ಬೀದಿಯ ಬಟ್ಟೆ ಅಂಗಡಿ ಇಟ್ಟು ನೋಡಿ, ಅದೇ ಕಥೆ. ಸಾರಿಗೆ ದೊಡ್ಡವರನ್ನು ಇನ್ನೂ ದೊಡ್ಡವರನ್ನಾಗಿ ಮಾಡಬಲ್ಲದು. ನಿಲ್ದಾಣದ ಪಕ್ಕದ ಜಾಗ ಒಬ್ಬ ಡೆವಲಪರ್‌ಗೋ, ನೂರು ಸಣ್ಣ ಮಳಿಗೆಗಳಿಗೋ, ಬೀದಿ ವ್ಯಾಪಾರಿಗಳಿಗೂ ಅದರಲ್ಲಿ ಪಾಲಿದೆಯೋ ಅನ್ನೋದು ಎಂಜಿನಿಯರ್ ತೀರ್ಮಾನಿಸುವ ವಿಷಯ ಅಲ್ಲ.

ಈ ತೀರ್ಮಾನ ಸದ್ಯಕ್ಕೆ ಹತ್ತಿರದಲ್ಲಿರುವುದು ಬಿಡಿಎ ಕಾಂಪ್ಲೆಕ್ಸ್‌ಗಳ ವಿಷಯದಲ್ಲಿ. ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳ ಹಳೆಯ ವಾಣಿಜ್ಯ ಸಂಕೀರ್ಣಗಳನ್ನು ಕೆಡವಿ ಖಾಸಗಿ ಸಹಭಾಗಿತ್ವದಲ್ಲಿ ದೊಡ್ಡದಾಗಿ ಕಟ್ಟುವ ಯೋಜನೆ ವರ್ಷಗಳಿಂದ ಕಡತಗಳಲ್ಲಿ ಓಡಾಡುತ್ತಿದೆ, ನಿವಾಸಿಗಳು ವಿರೋಧಿಸುತ್ತಲೂ ಇದ್ದಾರೆ. ಸಾರ್ವಜನಿಕ ಜಮೀನು, ಸಣ್ಣ ಬಾಡಿಗೆದಾರರು, ನಡೆದು ಬರುವ ಗಿರಾಕಿಗಳು. ಕಟ್ಟಡ ಎಷ್ಟು ಮಹಡಿ ಏರುತ್ತೆ, ಎಷ್ಟು ಕೋಟಿ ಬರುತ್ತೆ ಅನ್ನೋ ಮಾತು ಎಲ್ಲ ಕಡೆ ಇದೆ. ಇಂದಿರಾನಗರಕ್ಕೆ 2011ರ ಅಕ್ಟೋಬರ್‌ನಿಂದಲೇ ಮೆಟ್ರೊ ಇದೆ, ನಗರದ ಮೊದಲ ರೈಲು ನಿಂತ ನಿಲ್ದಾಣಗಳಲ್ಲಿ ಅದೂ ಒಂದು. ಅಲ್ಲಿ ಎಷ್ಟು ಕಾರಿನ ಬೇಸ್‌ಮೆಂಟ್ ತೋಡುತ್ತೀರಿ, ಯಾಕೆ, ಈಗಿನ ಬಾಡಿಗೆದಾರರಲ್ಲಿ ಎಷ್ಟು ಮಂದಿ ವಾಪಸ್ ಬರುತ್ತಾರೆ, ರಾತ್ರಿ ಹತ್ತೂವರೆಗೆ ಅಲ್ಲಿಂದ ಯಾವ ಬಸ್ಸು ಹೊರಡುತ್ತೆ ಅಂತ ಕೇಳೋಕೆ ಈಗಲೇ ಸಮಯ. ನಕ್ಷೆಗೆ ಸೀಲ್ ಬಿದ್ದ ಮೇಲೆ ಉಳಿಯುವುದು ಟ್ರಾಫಿಕ್ ಪೊಲೀಸರು.